ಕೇಳಿದರಷ್ಟೇ ಉತ್ತರಿಸುವ ಪೆಟ್ಟಿಗೆ

1944ರ ಜೂನ್ 6ರ ನಡುರಾತ್ರಿ ಎರಡನೇ ಮಹಾಯುದ್ಧದ ಮಿತ್ರರಾಷ್ಟ್ರಗಳ ಮುಖ್ಯ ಪಡೆಗಿಂತ ಮೊದಲೇ ಫ್ರಾನ್ಸಿನ ನಾರ್ಮಂಡಿಯ ಕತ್ತಲಿಗೆ ಧುಮುಕಿದ ಪ್ಯಾರಾಟ್ರೂಪರ್‌ಗಳ ಕುರಿತು ಓದುತ್ತಿದ್ದಾಗ, ಹಿಂದೆ ಬರುವ ವಿಮಾನಗಳಿಗೆ ಸೈನಿಕರನ್ನು ಇಳಿಸುವ ಜಾಗ ತೋರಿಸಲು ಅವರು ಹೊತ್ತೊಯ್ದ ‘ಯುರೇಕಾ’ ಎಂಬ ರೇಡಿಯೊ ಪೆಟ್ಟಿಗೆ ನನ್ನ ಗಮನವನ್ನು ಹಿಡಿದಿಟ್ಟಿತು. ನೆಲದ ಮೇಲೆ ಆಂಟೆನಾ ನಿಲ್ಲಿಸಿ ಚಾಲೂ ಮಾಡಿದರೂ ಅದು ತಾನಾಗಿ ಏನನ್ನೂ ಬಿತ್ತರಿಸುತ್ತಿರಲಿಲ್ಲ. ವಿಮಾನದಲ್ಲಿದ್ದ ‘ರೆಬೆಕಾ’ ಉಪಕರಣದ ಸಂಕೇತ ತಲುಪಿದಾಗಷ್ಟೇ ಮರುಸಂಕೇತ ಕಳುಹಿಸುತ್ತಿತ್ತು. ಸಂಕೇತ ಹೋಗಿಬರಲು ಹಿಡಿದ ಕಾಲದಿಂದ ದೂರವೂ, ವಿಮಾನದ ಎಡಬಲದ ಆಂಟೆನಾಗಳಿಗೆ ಸಿಕ್ಕ ಸಂಕೇತದ ತೀವ್ರತೆಯ ವ್ಯತ್ಯಾಸದಿಂದ ದಿಕ್ಕೂ ತಿಳಿಯುತ್ತಿದ್ದವು. ಆದರೆ ಪೆಟ್ಟಿಗೆ ಹೊತ್ತವನೇ ಬೇರೆ ಹೊಲದಲ್ಲಿ ಇಳಿದರೆ ಯಂತ್ರವೇನು ಮಾಡೀತು? ಆ ರಾತ್ರಿ ಹಲವು ತಂಡಗಳಿಗೆ ಆದದ್ದೂ ಅದೇ. ಅಂದ ಹಾಗೆ, ಇದನ್ನು ರೂಪಿಸಿದವರಲ್ಲೊಬ್ಬರಾದ ರಾಬರ್ಟ್ ಹ್ಯಾನ್‌ಬರಿ ಬ್ರೌನ್ ಹುಟ್ಟಿದ್ದು ನಮ್ಮ ನೆರೆಯ ನೀಲಗಿರಿಯ ಅರುವಂಕಾಡಿನಲ್ಲಿ. ಯುದ್ಧದ ನಂತರ ಅವರು ಖಗೋಳ ವಿಜ್ಞಾನಕ್ಕೆ ಹೊರಳಿ ನಕ್ಷತ್ರಗಳ ವ್ಯಾಸವನ್ನು ಅಳೆದರು.