ಜೂನ್ 21ರ ನೆರಳು: ಮಕ್ಕಳ ಸೂರ್ಯಗಡಿಯಾರ ಕೊನೆಗೂ ದಾರಿಗೆ ಬಂತು

ಮಕ್ಕಳೇ ಮುಳ್ಳಾಗಿ ನಿಂತು ತಮ್ಮ ನೆರಳಿನಿಂದ ಗಂಟೆ ತೋರಿಸುವ ಸೂರ್ಯಗಡಿಯಾರವನ್ನು ಬೆಂಗಳೂರಿನಲ್ಲಿ ಬಿಡಿಸಿ ನೋಡಿದವರಿಗೆ ಗೊತ್ತಿರುವಂತೆ, ಅದು ಡಿಸೆಂಬರಿನಲ್ಲಿ ಹೇಳಿದ ಮಾತು ಕೇಳುತ್ತದೆ, ಜೂನ್ ಬಂತೆಂದರೆ ಹಟ ಹಿಡಿಯುತ್ತದೆ. ವರ್ಷದ ಅತಿ ದೀರ್ಘ ಹಗಲನ್ನು ನಾಲ್ಕರಿಂದ ಏಳು ವರ್ಷದ ಮಕ್ಕಳ ಜೊತೆ ತಾರಸಿಯ ಮೇಲೆ ಆಚರಿಸಬೇಕೆಂಬ ಆಸೆಗೆ ಈ ಹಟವೇ ಅಡ್ಡಿಯಾಗಿತ್ತು. ಈ ಸಲ ಅದು ಬಗೆಹರಿದಿದೆ.

ನೆಲದ ಮೇಲೆ ಎಳೆದ ದೀರ್ಘವೃತ್ತದ ಸುತ್ತ ಗಂಟೆಗಳ ಗುರುತು, ನಡುವಿನ ಉತ್ತರ-ದಕ್ಷಿಣ ಗೆರೆಯ ಮೇಲೆ ಮಗು ನಿಲ್ಲುವ, ದಿನಾಂಕಕ್ಕೆ ತಕ್ಕಂತೆ ಬದಲಾಗುವ ಜಾಗ: ಈ ಗಡಿಯಾರವೆಂದರೆ ಇಷ್ಟೇ. ದಿಕ್ಕು ಹಿಡಿಯುವ, ಗೆರೆ ಎಳೆಯುವ ವಿವರಗಳನ್ನು ಬಿಡುತ್ತೇನೆ. ಇದರ ಚಿತ್ರವನ್ನು ಮುದ್ರಿಸಲು ಕೊಟ್ಟ ಫ್ಲೆಕ್ಸ್ ಅಂಗಡಿಯವರ ವಿಷಯವನ್ನು ಮಾತ್ರ ಬಿಡಲಾರೆ. ನಮ್ಮ ಅಕ್ಷಾಂಶ ಸುಮಾರು 13 ಡಿಗ್ರಿ ಆದ್ದರಿಂದ, ದೀರ್ಘವೃತ್ತದ ಉದ್ದ 3 ಮೀಟರ್ ಇದ್ದರೆ ಅಗಲ ಕೇವಲ 67 ಸೆಂಟಿಮೀಟರ್. ಚಿತ್ರ ಚಪ್ಪಟೆಯಾಗಿ ಕಾಣುತ್ತಿದೆಯೆಂದು ಅವರು ಒಂದು ಮಾತೂ ಕೇಳದೆ ಅದನ್ನು ಹಿಗ್ಗಿಸಿ, ಹೆಚ್ಚುಕಡಿಮೆ ಗುಂಡಗೆ ಮುದ್ರಿಸಿ, ದೊಡ್ಡ ಅಳತೆಯ ದರವನ್ನೇ ತೆಗೆದುಕೊಂಡರು. ಆ ಫ್ಲೆಕ್ಸ್ ಈಗ ನೀರಿನ ಟ್ಯಾಂಕಿನ ಪಕ್ಕ ಪೇರಿಸಿದ ಇಟ್ಟಿಗೆಗಳ ಮೇಲೆ ಹೊದಿಕೆಯಾಗಿದೆ. ಗಡಿಯಾರವನ್ನು ಸೀಮೆಸುಣ್ಣದಲ್ಲೇ ಬರೆದೆವು.

ಇನ್ನು ನಿಜವಾದ ತೊಡಕಿಗೆ ಬರೋಣ. ಕರ್ಕಾಟಕ ಸಂಕ್ರಾಂತಿ ವೃತ್ತದಿಂದ ಉತ್ತರಕ್ಕಿರುವ ದೇಶಗಳಲ್ಲಿ ಮಧ್ಯಾಹ್ನದ ಸೂರ್ಯ ಸದಾ ದಕ್ಷಿಣದಲ್ಲೇ ಇರುತ್ತಾನೆ. ಇಡೀ ಕರ್ನಾಟಕ ಆ ವೃತ್ತಕ್ಕೆ ದಕ್ಷಿಣದಲ್ಲಿದೆ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ ಸೂರ್ಯ ನೆತ್ತಿಯನ್ನು ದಾಟಿ ಉತ್ತರಕ್ಕೆ ಹೋದರೆ, ಜೂನ್ 21ರಂದು ಅವನು ಮಧ್ಯಾಹ್ನವೂ ಉತ್ತರದಲ್ಲೇ ಇರುತ್ತಾನೆ. ಹಾಗಾಗಿ ಆ ದಿನಕ್ಕೆ ಮಗು ನಿಲ್ಲಬೇಕಾದ ಜಾಗ ಕೇಂದ್ರದಿಂದ 63 ಸೆಂಟಿಮೀಟರ್ ಉತ್ತರಕ್ಕೆ, ಅಂದರೆ ದೀರ್ಘವೃತ್ತದಿಂದಲೇ ಹೊರಗೆ ಬೀಳುತ್ತದೆ. ಒಂದು ಮೀಟರ್ ಎತ್ತರದ ಮಗುವಿನ ಮಧ್ಯಾಹ್ನದ ನೆರಳು ಹದಿನೆಂಟೂವರೆ ಸೆಂಟಿಮೀಟರ್ ಮಾತ್ರ. ಮೂವತ್ತು ಸೆಂಟಿಮೀಟರ್ ಆಚೆಯಿರುವ 12ರ ಗುರುತನ್ನು ಅದು ಮುಟ್ಟುವುದೇ ಇಲ್ಲ.

ಕೈ ಎತ್ತಿ ನಿಂತರೆ ಆ ಕೊರತೆಯನ್ನು ತುಸುವಾದರೂ ತಗ್ಗಿಸಬಹುದಿತ್ತು. ಪರಿಹಾರವೇ ಇಲ್ಲದಂತೆ ಕಂಡದ್ದು ಬೆಳಗಿನ ಹೊತ್ತು. ಅಂದು ಸೌರಮಾನದ (ಸೂರ್ಯ ಉತ್ತರ-ದಕ್ಷಿಣ ಗೆರೆಗೆ ಬಂದಾಗ 12 ಎಂದು ಎಣಿಸುವ ಹೊತ್ತಿನ) 6ರಿಂದ 10 ಗಂಟೆಯವರೆಗೆ ಸೂರ್ಯ ಮೇಲೇರುತ್ತಾನೆಯೇ ಹೊರತು ದಿಕ್ಕು ಬದಲಿಸುವುದು ಐದು ಡಿಗ್ರಿಗಿಂತಲೂ ಕಡಿಮೆ. 8 ಗಂಟೆಯವರೆಗೆ ತುಸು ಪೂರ್ವದ ಕಡೆಗೆ ಸರಿದು, ಅಲ್ಲಿಂದ ಉತ್ತರಕ್ಕೆ ಮರಳುತ್ತಾನೆ. ಇದರಿಂದಾಗಿ 7 ಮತ್ತು 9ರ ಗುರುತುಗಳು ಮಗುವಿನ ಕಾಲಿನಿಂದ ಎಳೆದ ಒಂದೇ ಗೆರೆಯ ಮೇಲೆ ಒಂದರ ಹಿಂದೊಂದು ಕೂರುತ್ತವೆ. ನೆರಳು ಯಾವುದನ್ನು ತೋರಿಸುತ್ತಿದೆಯೆಂದು ಮಕ್ಕಳು ಕೇಳಿದರೆ ಗಡಿಯಾರದಲ್ಲಿ ಉತ್ತರವಿಲ್ಲ.

ದಿಕ್ಕು ಕೈಕೊಟ್ಟಲ್ಲಿ ಉದ್ದ ಕೈಹಿಡಿಯಿತು. ನಮ್ಮ ಹಳೆಯ ಜ್ಯೋತಿಷಶಾಸ್ತ್ರದವರು ನೆಚ್ಚಿಕೊಂಡಿದ್ದ ಶಂಕುವಿಗೇ ಮರಳಿದೆವು: ಅರ್ಧ ಮೀಟರಿನ ನೆಟ್ಟನೆಯ ಕೋಲು, ಅದರ ನೆರಳಿನ ತುದಿಗೆ ಒಂದೊಂದು ಹುಣಸೆಬೀಜ. ರಂಗೋಲಿ ಪುಡಿ ತುಂತುರು ಮಳೆಗೆ ಕರಗುತ್ತದೆ, ಹೂವಿನ ಎಸಳು ಆಷಾಢದ ಗಾಳಿಗೆ ಹಾರುತ್ತದೆ, ಹುಣಸೆಬೀಜ ಕದಲುವುದಿಲ್ಲ. ಮೋಡ ಸರಿದಾಗಲೆಲ್ಲ ಕಾವಲಿಗಿದ್ದ ಮಗು "ಬಿಸಿಲು ಬಂತು" ಎಂದು ಕೂಗಬೇಕು, ಉಳಿದವರು ಸೂರ್ಯನಿಗೆ ಬೆನ್ನು ಮಾಡಿ ಓಡಿಬಂದು ಬೀಜ ಇಡಬೇಕು. ನಡುನಡುವೆ ನೇರಳೆ ಹಣ್ಣು ತಿಂದ ಬೆರಳುಗಳ ಗುರುತೂ ನೆಲದ ಮೇಲೆ ಬಿತ್ತು.

ಗಡಿಯಾರದ 7 ಗಂಟೆ 21 ನಿಮಿಷಕ್ಕೆ, ಅಂದರೆ ಸೌರಮಾನದ 7ಕ್ಕೆ, ಒಂದೂವರೆ ಮೀಟರ್ ದೂರವಿದ್ದ ತುದಿ 9 ಗಂಟೆ 21ಕ್ಕೆ ಅದೇ ಗೆರೆಯ ಮೇಲೆ ಅರ್ಧ ಮೀಟರಿಗೂ ಹತ್ತಿರ ಬಂದಿತ್ತು. ಕಟ್ಟಿದ ಕರು ಹಗ್ಗ ಹಿಡಿದೆಳೆದಾಗ ಬರುವ ಹಾಗೆ ಅದು ನೇರವಾಗಿ ಕೋಲಿನ ಬುಡಕ್ಕೇ ಬರುತ್ತಿತ್ತು. "ನೆರಳು ಮನೆಗೆ ವಾಪಸ್ ಬರ್ತಿದೆ" ಎಂದು ಐದು ವರ್ಷದ ಹುಡುಗಿಯೊಬ್ಬಳು ಹೇಳಿದಾಗ, ಸೂರ್ಯನ ಕ್ರಾಂತಿಯ (ಆಕಾಶದ ನಡುಗೆರೆಯಿಂದ ಅವನು ಉತ್ತರಕ್ಕೋ ದಕ್ಷಿಣಕ್ಕೋ ಸರಿದಿರುವ ಅಳತೆಯ) ಬಗ್ಗೆ ನಾನು ಸಿದ್ಧಪಡಿಸಿಕೊಂಡಿದ್ದ ವಿವರಣೆಯೆಲ್ಲ ಅನಾವಶ್ಯಕವಾಯಿತು. 11 ಗಂಟೆಯ ನಂತರ ತುದಿ ಚುರುಕಾಗಿ ತಿರುಗಿತು. 12 ಗಂಟೆ 21 ನಿಮಿಷಕ್ಕೆ ಕೋಲಿನ ದಕ್ಷಿಣಕ್ಕೆ ಒಂಬತ್ತು ಸೆಂಟಿಮೀಟರ್ ದೂರದಲ್ಲಿ ಬೀಜ ಇಟ್ಟಾಗ ಮಕ್ಕಳು ಚಪ್ಪಾಳೆ ತಟ್ಟಿದರು. ಪಂಚಾಂಗದ ಕರ್ಕಾಟಕ ಸಂಕ್ರಮಣ ಬರುವುದು ಜುಲೈ ಮಧ್ಯದಲ್ಲಾದರೂ, ಸೂರ್ಯ ದಕ್ಷಿಣಕ್ಕೆ ಮುಖ ಮಾಡುವುದು ಈ ದಿನವೇ ಎಂಬುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಹಬ್ಬ ತೋಚುವುದಿಲ್ಲ.

ಬೀಜಗಳ ಸಾಲು ದಕ್ಷಿಣಕ್ಕೆ ಎರಡೂ ತೋಳು ಚಾಚಿದ ವಕ್ರರೇಖೆಯಾಯಿತು. ಹಗಲು ರಾತ್ರಿ ಸಮವಾಗುವ ಸೆಪ್ಟೆಂಬರಿನ ವಿಷುವದಂದು ಅದೇ ಕೋಲಿನ ತುದಿ ಪೂರ್ವಪಶ್ಚಿಮವಾಗಿ ನೇರಗೆರೆ ಎಳೆಯುತ್ತದೆ, ಡಿಸೆಂಬರಿನಲ್ಲಿ ತೋಳುಗಳು ಉತ್ತರಕ್ಕೆ ತಿರುಗುತ್ತವೆ. ಮೂರನ್ನೂ ಒಂದೇ ತಾರಸಿಯ ಮೇಲೆ ಮೂರು ಬಣ್ಣದಲ್ಲಿ ಬಳಿಯುವುದು ಮುಂದಿನ ಯೋಜನೆ. ಅದಕ್ಕಾಗಿ ಕೋಲನ್ನು ಪ್ರತಿಸಲವೂ ಅದೇ ಜಾಗದಲ್ಲಿ ನೆಡಲು ಸಿಮೆಂಟಿನಲ್ಲಿ ಒಂದು ಪೈಪಿನ ತುಂಡನ್ನು ಕೂರಿಸಿದ್ದೇನೆ. ಮಳೆಗೂ ಮಕ್ಕಳ ಕಾಲಿಗೂ ಅಳಿಯದ ಬಣ್ಣ ಯಾವುದೆಂದು ಬಳಸಿ ನೋಡಿದವರು ತಿಳಿಸಿದರೆ, ಅಂಗಡಿಗೆ ಹೋಗುವ ಮೊದಲೇ ಬರೆದಿಟ್ಟುಕೊಳ್ಳುತ್ತೇನೆ.