ರೋಗಿಯನ್ನು ಗೇಲಿ ಮಾಡದ ಆಸ್ಪತ್ರೆಯ ಹಾಸ್ಯ

1954ರಲ್ಲಿ ತೆರೆಕಂಡ ಬ್ರಿಟಿಷ್ ಚಿತ್ರ ‘ಡಾಕ್ಟರ್ ಇನ್ ದ ಹೌಸ್’ ನನಗೆ ಇಷ್ಟವಾಗುವುದು ಮುಖ್ಯವಾಗಿ ಅದರ ರೌಂಡ್ಸ್ ದೃಶ್ಯಕ್ಕಾಗಿ. ಲಂಡನ್ನಿನ ಸೇಂಟ್ ಸ್ವಿದಿನ್ಸ್ ಎಂಬ ಕಾಲ್ಪನಿಕ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸಕ ಸರ್ ಲ್ಯಾನ್ಸೆಲಾಟ್ ಸ್ಪ್ರಾಟ್ ವಿದ್ಯಾರ್ಥಿಗಳ ದಂಡು ಕಟ್ಟಿಕೊಂಡು ವಾರ್ಡಿಗೆ ಬರುತ್ತಾನೆ, ಎಲ್ಲೆಲ್ಲಿ ಎಷ್ಟುದ್ದ ಕೊಯ್ಯಬೇಕೆಂದು ರೋಗಿಯ ಹೊಟ್ಟೆಯ ಮೇಲೆಯೇ ಗೆರೆ ಎಳೆದು ತೋರಿಸುತ್ತಾನೆ, ಮತ್ತು ಆ ಬಡಪಾಯಿ ಗಾಬರಿಯಾದಾಗ ಈ ಮಾತಿಗೂ ಅವನಿಗೂ ಏನೇನೂ ಸಂಬಂಧವಿಲ್ಲವೆಂಬಂತೆ ಸಮಾಧಾನ ಹೇಳುತ್ತಾನೆ. ಜೇಮ್ಸ್ ರಾಬರ್ಟ್‌ಸನ್ ಜಸ್ಟಿಸ್ ಅವರ ಗಡ್ಡ, ದಪ್ಪ ಮೈಕಟ್ಟು, ಗುಡುಗುವ ದನಿ ಆ ಪಾತ್ರಕ್ಕೆಂದೇ ಹುಟ್ಟಿದಂತಿವೆ. ನಾವು ನಗುತ್ತೇವೆ, ಆದರೆ ಮಲಗಿರುವವನನ್ನು ನೋಡಿ ಅಲ್ಲ, ಅವನು ಅಲ್ಲಿದ್ದಾನೆಂಬುದನ್ನೇ ಮರೆತ ದೊಡ್ಡವರನ್ನು ನೋಡಿ.

ಇದು ಒಳಗಿನಿಂದ ಬಂದ ಹಾಸ್ಯ. 1952ರಲ್ಲಿ ಮೂಲ ಕಾದಂಬರಿಯನ್ನು ಬರೆದ ರಿಚರ್ಡ್ ಗಾರ್ಡನ್, ಅಂದರೆ ಗಾರ್ಡನ್ ಆಸ್ಟ್ಲರ್, ಸೇಂಟ್ ಬಾರ್ತಲಾಮ್ಯೂಸ್ ಆಸ್ಪತ್ರೆಯಲ್ಲಿ ಕಲಿತ ಅರಿವಳಿಕೆ ತಜ್ಞರು. ರೈಲು ಪ್ರಯಾಣದ ನಡುವೆ ಕ್ರೂ ನಿಲ್ದಾಣದಲ್ಲಿ ಆ ಪುಸ್ತಕವನ್ನು ಕೊಂಡ ನಿರ್ಮಾಪಕಿ ಬೆಟ್ಟಿ ಬಾಕ್ಸ್ ಅದರಲ್ಲಿ ಸಿನಿಮಾ ಕಂಡರು. ರಾಲ್ಫ್ ಥಾಮಸ್ ನಿರ್ದೇಶಿಸಿದರು.

‘ದ ಬ್ಲೂ ಲ್ಯಾಂಪ್’ ಚಿತ್ರದಲ್ಲಿ ಪೊಲೀಸನನ್ನು ಕೊಲ್ಲುವ ಯುವಕನಾಗಿದ್ದ ಡರ್ಕ್ ಬೊಗಾರ್ಡ್ ಇಲ್ಲಿ ಸೈಮನ್ ಸ್ಪ್ಯಾರೋ ಎಂಬ ಹೊಸ ವಿದ್ಯಾರ್ಥಿ. ಅವರು ಎಲ್ಲಿಯೂ ನಗಿಸಲು ಹೆಣಗುವುದಿಲ್ಲ. ಸುತ್ತಲಿನವರು ಎಷ್ಟೇ ಗದ್ದಲವೆಬ್ಬಿಸಿದರೂ ತಾನು ವೈದ್ಯನಾಗಬೇಕೆಂಬ ಸೈಮನ್‌ನ ಶ್ರದ್ಧೆ ಕದಲದೆ ಇರುವುದರಿಂದಲೇ, ಅವನು ಮೊದಲ ಹೆರಿಗೆ ಮಾಡಿಸುವ ದೃಶ್ಯ ಹಾಸ್ಯಚಿತ್ರದ ನಡುವೆಯೂ ಪರಕೀಯವೆನಿಸದೆ ಮನಸ್ಸನ್ನು ತಟ್ಟುತ್ತದೆ. ಅವನಿಗೆ ಎದುರಾಗಿ ಗ್ರಿಮ್ಸ್‌ಡೈಕ್ ಇದ್ದಾನೆ: ವೈದ್ಯಕೀಯ ಓದುತ್ತಿರುವವರೆಗೆ ಮಾತ್ರ ಅವನಿಗೆ ವರ್ಷಾಶನ ಸಿಗುವುದರಿಂದ ಬೇಕೆಂದೇ ಫೇಲಾಗುತ್ತಾನೆ. ಈ ಪಾತ್ರಕ್ಕೆ ಕೆನೆತ್ ಮೋರ್ ಬ್ರಿಟಿಷ್ ಅಕಾಡೆಮಿಯ ಅತ್ಯುತ್ತಮ ನಟ ಪ್ರಶಸ್ತಿ ಪಡೆದರು.

ನರ್ಸ್‌ಗಳ ವಿಷಯದಲ್ಲಿ ಮಾತ್ರ ಚಿತ್ರ ಸೋಲುತ್ತದೆ. ವಾರ್ಡಿನ ಕೆಲಸವೆಲ್ಲ ಅವರ ಹೆಗಲ ಮೇಲಿದ್ದರೂ, ಮ್ಯೂರಿಯಲ್ ಪಾವ್ಲೋ ಅವರ ಜಾಯ್‌ಳನ್ನು ಬಿಟ್ಟರೆ ಉಳಿದವರು ಹುಡುಗರು ಬೆನ್ನು ಹತ್ತುವುದಕ್ಕಷ್ಟೇ ಇರುವಂತೆ ತೋರುತ್ತದೆ. ಇದನ್ನು ಕಾಲದ ದೋಷವೆಂದು ಹೇಳಿ ದಾಟಿಬಿಡಲು ನನಗೆ ಮನಸ್ಸಾಗುವುದಿಲ್ಲ.

ಆ ಜಾಯ್‌ಗೆ ತಡರಾತ್ರಿ ನರ್ಸ್‌ಗಳ ವಸತಿಯೊಳಗೆ ಸೇರಲು ನೆರವಾದ ಸೈಮನ್ ಕಾಲೇಜಿನಿಂದ ಹೊರಬೀಳುವ ಸ್ಥಿತಿ ಬಂದಾಗ ಅವನನ್ನು ಉಳಿಸುವವನು ಸ್ಪ್ರಾಟ್. ಡೀನ್‌ಗೆ ಆತನದೇ ವಿದ್ಯಾರ್ಥಿ ದಿನಗಳ ಒಂದು ಪ್ರಸಂಗವನ್ನು ನೆನಪಿಸಿ ಬಾಯಿ ಕಟ್ಟಿಸುತ್ತಾನೆ. ಅಲ್ಲಿಯವರೆಗೆ ಬರೀ ಭಯ ಹುಟ್ಟಿಸುತ್ತಿದ್ದ ಗುರುವಿಗೆ ಆ ಒಂದು ಗಳಿಗೆಯಲ್ಲಿ ಹಿಂದಿನ ಬದುಕೊಂದು ದೊರಕುತ್ತದೆ.

ಆ ವರ್ಷ ಬ್ರಿಟನ್ನಿನಲ್ಲಿ ಅತಿ ಹೆಚ್ಚು ಜನಪ್ರಿಯವಾದ ಈ ಚಿತ್ರಕ್ಕೆ 1970ರವರೆಗೆ ಆರು ಮುಂದಿನ ಭಾಗಗಳು ಬಂದವು. ಅವುಗಳಲ್ಲಿ ಮೂರರಲ್ಲಿ ಬೊಗಾರ್ಡ್ ಮತ್ತೆ ನಟಿಸಿದ್ದಾರೆ. ಆದರೆ ಸೈಮನ್ ಅಷ್ಟರಲ್ಲಿ ಡಾಕ್ಟರಾಗಿಬಿಟ್ಟಿರುತ್ತಾನೆ. ಕಲಿಯುವವನ ಅಂಜಿಕೆಯಿಂದ ಮೊದಲ ಚಿತ್ರಕ್ಕೆ ದಕ್ಕಿದ್ದ ಸೊಗಸು ಅವುಗಳಿಗೆ ದಕ್ಕಲಿಲ್ಲ. ಸರಣಿಯಲ್ಲಿ ಒಂದನ್ನೇ ನೋಡುವುದಾದರೆ ಮೊದಲನೆಯದನ್ನೇ ನೋಡಿ.