ಗ್ಯಾರೇಜಿನ ಕರಿ ಗ್ರೀಸ್

ಬೆಳಿಗ್ಗೆ ಹುಬ್ಬಳ್ಳಿಯಲ್ಲಿ ಗಾಡಿ ರಿಪೇರಿಗೆ ಬಿಟ್ಟು ಕೂತಿದ್ದೆ. ಮೇಸ್ತ್ರಿ ಬೇರಿಂಗಿಗೆ ಕರಿ ಗ್ರೀಸ್ ಬಳಿಯುತ್ತಾ, "ಇದರಾಗ ಮಾಲಿಬ್ಡಿನಮ್ ಐತ್ರೀ ಸರ್, ಭಾಳ ನುಣುಪು" ಅಂದರು. ಬೆರಳಿಗೆ ಹಚ್ಚಿ ತಿಕ್ಕಿ ನೋಡಿದೆ. ನಿಜ, ಎಷ್ಟು ಜಾರುತ್ತದೆ!

ಅದರಲ್ಲಿರುವುದು ಮಾಲಿಬ್ಡಿನಮ್ ಡೈಸಲ್ಫೈಡ್, ಅಂದರೆ ಮಾಲಿಬ್ಡಿನಮ್ ಲೋಹಕ್ಕೆ ಗಂಧಕ ಸೇರಿದ ವಸ್ತು. ಪದರು ಪದರಾಗಿರುತ್ತದೆ, ಪದರಗಳ ನಡುವೆ ಹಿಡಿತ ಸಡಿಲ, ಅದಕ್ಕೇ ಈ ಜಾರು. ಇದನ್ನೇ ನ್ಯಾನೋ ಅಳತೆಗೆ ಇಳಿಸಿದರೆ ನೀರಿನಿಂದ ಹೈಡ್ರೋಜನ್ ತೆಗೆಯಲು ವೇಗವರ್ಧಕವಾಗುತ್ತದೆ, ಅಂದರೆ ತಾನು ಖರ್ಚಾಗದೆ ಕ್ರಿಯೆಯ ವೇಗ ಹೆಚ್ಚಿಸುತ್ತದೆ. ದುಬಾರಿ ಪ್ಲಾಟಿನಮ್ ಮಾಡುವ ಕೆಲಸ ಅದು. ಪದರದ ಅಗಲ ಮೈಯಲ್ಲಿ ಅಷ್ಟೇನೂ ಚುರುಕಿಲ್ಲ, ಇರುವುದೆಲ್ಲ ಅಂಚಿನಲ್ಲಿ ಅಂತ 2007ರಲ್ಲಿ ವಿಜ್ಞಾನಿಗಳು ಪ್ರಯೋಗ ಮಾಡಿ ತೋರಿಸಿದರು. ಹಾಗಾಗಿ ಚೂರು ಸಣ್ಣದಾದಷ್ಟೂ ಅಂಚು ಜಾಸ್ತಿ, ಕೆಲಸ ಜಾಸ್ತಿ.

ನನಗೆ ಮಾತ್ರ ಇದನ್ನೆಲ್ಲ ಓದುವಾಗ ಮುಂಡರಗಿ ಕಡೆಯ ನಮ್ಮ ಅತ್ತೆ ನೆನಪಾಗುತ್ತಾರೆ. ಬೋರ್‌ವೆಲ್ ನೀರಿನ ಫ್ಲೋರೈಡ್‌ನಿಂದ ಹಲ್ಲಿನ ಮೇಲೆಲ್ಲ ಕಂದು ಗೆರೆ. ನಗುವಾಗ ಈಗಲೂ ಸೆರಗು ಬಾಯಿಗೆ ಹೋಗುತ್ತದೆ. ಈ ಫ್ಲೋರೈಡ್ ತೆಗೆಯಲೂ ಹೀಗೇ ಪದರು ಪದರಾದ ವಸ್ತುಗಳಿವೆ, ಮೆಗ್ನೀಷಿಯಂ, ಅಲ್ಯೂಮಿನಿಯಂ ಸೇರಿದ ಹೈಡ್ರಾಕ್ಸೈಡ್‌ಗಳು. ಅವು ವೇಗವರ್ಧಕದ ಹಾಗಲ್ಲ, ಸುಮ್ನೆ ಫ್ಲೋರೈಡನ್ನು ಹೀರಿ ಪದರಗಳ ನಡುವೆ ಹಿಡಿದಿಡುತ್ತವೆ. ಆದರೆ ನೀರಿನಲ್ಲಿರುವ ಕಾರ್ಬೊನೇಟ್, ಫಾಸ್ಫೇಟ್ ಕೂಡ ಅದೇ ಜಾಗಕ್ಕೆ ನುಗ್ಗುತ್ತವೆ. ಲ್ಯಾಬಿನ ಶುದ್ಧ ನೀರಿನಲ್ಲಿ ಗೆದ್ದದ್ದು ಹಳ್ಳಿಯ ಬೋರ್ ನೀರಿನಲ್ಲೂ ಗೆಲ್ಲಬೇಕಲ್ವಾ? ಪರೀಕ್ಷೆ ಅಲ್ಲೇ ಆಗಬೇಕು, ಅತ್ತೆಯ ಕೊಡದ ನೀರಿನಲ್ಲಿ.

ಗಾಡಿ ರೆಡಿಯಾಯಿತು. ಬೆರಳಿನ ಕರಿ ಇನ್ನೂ ಹೋಗಿಲ್ಲ.